ದಿನಾ ನಡೆದ್ರೂ ಕರಗದ ಕಿಬ್ಬೊಟ್ಟೆ

ನಮ್ಮ ಹೆಂಗಸರು ನಾಲ್ಕು ಜನ ಸೇರಿದ್ರೆ ಮೊದಲು ಮಕ್ಕಳ ಮಾತು, ಆಮೇಲೆ ಮಂಡಿನೋವು, ಅದಾದ್ಮೇಲೆ ಹೊಟ್ಟೆ. ಮೇಲಿನ ಹೊಟ್ಟೆ ಅಲ್ಲ ಕಣ್ರೀ, ಹೊಕ್ಕಳ ಕೆಳಗೆ, ಲಂಗದ ಲಾಡಿ ಕಟ್ಟೋ ಜಾಗದಿಂದ ಶುರುವಾಗಿ ಮುಂದಕ್ಕೆ ಬರುತ್ತಲ್ಲ, ಆ ಕಿಬ್ಬೊಟ್ಟೆ. "ನೀನು ದಿನಾ ವಾಕಿಂಗ್ ಹೋಗ್ತೀಯಲ್ಲಕ್ಕಾ, ನಿಂಗೂ ಯಾಕೆ ಕರಗಿಲ್ಲ?" ಅಂತ ನಮ್ಮ ಓರಗಿತ್ತಿ ಕೇಳಿದ್ಲು. ಎದುರುಮನೆಯವರು ಕೇಳಿದ್ರು. ಈಗ ಬಾಣಂತಿಯಾಗಿರೋ ನಮ್ಮಣ್ಣನ ಮಗಳು ಫೋನಲ್ಲಿ ಅಳ್ತಾ ಕೇಳಿದ್ಲು. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳೋ ಬದಲು ಎಲ್ಲರಿಗೂ ಒಟ್ಟಿಗೆ ಬರೀತಾ ಇದೀನಿ.

ಮೊದಲು ನನ್ನ ಲೆಕ್ಕ ಹೇಳ್ಬಿಡ್ತೀನಿ. ನಂಗೀಗ ಐವತ್ನಾಲ್ಕು. ಎರಡು ಮಕ್ಕಳು. ಮೊದಲನೇದು ನಾರ್ಮಲ್, ಎರಡನೇದು ಸಿಸೇರಿಯನ್, ಅದರ ಜೊತೆಗೇ ಮಕ್ಕಳಾಗದ ಹಾಗೆ ಆಪರೇಷನ್ನೂ ಆಯ್ತು. ಏಳು ವರ್ಷದಿಂದ ಬೆಳಿಗ್ಗೆ ವಾಕಿಂಗ್ ತಪ್ಪಿಸಿಲ್ಲ. ನಮ್ಮ ಹೆಗ್ಗನಹಳ್ಳಿ ರಸ್ತೆಗಳು ನಿಮಗೆ ಗೊತ್ತೇ ಇದೆ. ಏಳು ಗಂಟೆ ದಾಟಿದ್ರೆ ಪೀಣ್ಯ ಕಡೆ ಹೋಗೋ ಕಂಪನಿ ಗಾಡಿ, ಆಟೋ, ಶಾಲೆ ವ್ಯಾನು, ಕಾಲಿಡೋಕೆ ಜಾಗ ಇರಲ್ಲ. ಅದಕ್ಕೇ ಐದೂಮುಕ್ಕಾಲಿಗೇ ಹೊರಟು ಸುಂಕದಕಟ್ಟೆ ಕಡೆ ಒಂದು ಸುತ್ತು ಹಾಕಿ ಬರ್ತೀನಿ, ಮುಕ್ಕಾಲು ಗಂಟೆ. ಮಳೆ ಬಂದ್ರೆ ಮನೆ ಮೆಟ್ಟಿಲು ಹತ್ತಿ ಇಳೀತೀನಿ. ಅರವತ್ತೆಂಟು ಕೆ.ಜಿ. ಇದ್ದವಳು ಅರವತ್ತೊಂದಕ್ಕೆ ಬಂದೆ. ಸಕ್ಕರೆ ಗಡಿಯಲ್ಲಿತ್ತು, ಹಿಂದಕ್ಕೆ ಹೋಯ್ತು. ಮೂರು ಮಹಡಿ ಏದುಸಿರಿಲ್ಲದೆ ಹತ್ತುತೀನಿ. ಮುಖ ಸಣ್ಣಗಾಯ್ತು, ತೋಳು ಸಣ್ಣಗಾಯ್ತು, ಬಳೆ ಸಡಿಲವಾಯ್ತು. ಕಿಬ್ಬೊಟ್ಟೆ ಮಾತ್ರ ಬಾಡಿಗೆ ಮನೆ ಬಿಡದ ಬಾಡಿಗೆದಾರನ ಹಾಗೆ ಕೂತೇ ಇತ್ತು.

ಮಾಗಡಿ ಹತ್ರ ಒಂದು ಬೀಗರೂಟಕ್ಕೆ ಹೋಗಿದ್ದಾಗ ಒಬ್ಬ ಅಜ್ಜಿ ನನ್ನ ಸೆರಗು ಸರಿಸಿ, "ಏನವ್ವಾ, ಈ ವಯಸ್ನಾಗೆ ಏನು ಇಸೇಸ?" ಅಂತ ಅಂದ್ಬಿಟ್ಟಿತು. ಪಂಕ್ತಿ ಪೂರ್ತಿ ನಕ್ರು. ನಾನೂ ನಕ್ಕೆ. ಆದ್ರೆ ಅವತ್ತು ಎರಡನೇ ಸಲ ಪಾಯಸ ಹಾಕಿಸ್ಕೊಳ್ಳೋಕೆ ಮನಸ್ಸು ಬರಲಿಲ್ಲ.

ನನಗೆ ವಿಷಯ ಗೊತ್ತಾಗಿದ್ದು ಬೆನ್ನುನೋವಿನಿಂದ. ಡಾಕ್ಟ್ರು ಫಿಸಿಯೋ ಮಾಡಿಸ್ಕೊಳ್ಳಿ ಅಂತ ಬರೆದುಕೊಟ್ರು. ಆ ಫಿಸಿಯೋ ಹುಡುಗಿಗೆ ನಮ್ಮ ಮಗಳ ವಯಸ್ಸು. ಬೆನ್ನು ನೋಡೋದು ಬಿಟ್ಟು ಮೊದಲು ಹೊಟ್ಟೆ ನೋಡಿದ್ಲು. ಅಂಗಾತ ಮಲಗಿಸಿ, ಮಂಡಿ ಮಡಚಿಸಿ, "ತಲೆ ಮಾತ್ರ ಸ್ವಲ್ಪ ಎತ್ತಿ ಅಮ್ಮಾ" ಅಂದ್ಲು. ಹೊಕ್ಕಳ ಮೇಲೆ, ಕೆಳಗೆ ಬೆರಳು ಅಡ್ಡ ಇಟ್ಟು ಒತ್ತಿದ್ಲು. "ಎರಡೂವರೆ ಬೆರಳು ಗ್ಯಾಪ್ ಇದೆ ಅಮ್ಮಾ. ಇದು ಬರೀ ಕೊಬ್ಬಲ್ಲ" ಅಂದ್ಲು.

ನಮ್ಮ ಹೊಟ್ಟೆ ಮುಂದೆ ಎಡಕ್ಕೊಂದು ಬಲಕ್ಕೊಂದು, ಎದೆಗೂಡಿಂದ ಕೆಳಗಿನ ಮೂಳೆವರೆಗೂ ಉದ್ದಕ್ಕೆ ಎರಡು ಸ್ನಾಯು ಪಟ್ಟಿ ಇವೆ. ನಡುವೆ ಅವನ್ನ ಸೇರಿಸೋ ತೆಳ್ಳನೆ ಪೊರೆ. ಬಸುರಿಯಾದಾಗ ಮಗು ಬೆಳೆದ ಹಾಗೆ ಆ ಪೊರೆ ಹಿಗ್ಗಿ ಎರಡು ಪಟ್ಟಿ ದೂರ ಸರಿಯುತ್ತೆ. ಸರೀಲೇಬೇಕು, ಇಲ್ಲದಿದ್ರೆ ಮಗುಗೆ ಜಾಗ ಎಲ್ಲಿ? ಹೆರಿಗೆ ಆದ್ಮೇಲೆ ಬಹಳ ಜನಕ್ಕೆ ತಾನಾಗೇ ಹತ್ರ ಬರುತ್ತೆ, ಕೆಲವರಿಗೆ ಬರಲ್ಲ. ಇದಕ್ಕೆ ಡಾಕ್ಟ್ರು ಡಯಾಸ್ಟಾಸಿಸ್ ರೆಕ್ಟೈ ಅಂತಾರೆ. ದಿಂಬಿನ ಕವರ್ ನೆನಸ್ಕೊಳ್ಳಿ. ನಡುವಿನ ಹೊಲಿಗೆ ಸಡಿಲ ಆಗಿದ್ರೆ ಒಳಗಿನ ಹತ್ತಿ ಎಷ್ಟು ತೆಗೆದ್ರೂ ಅಲ್ಲಿ ಉಬ್ಬಿಕೊಂಡೇ ಇರುತ್ತೆ. ವಾಕಿಂಗ್ ಹತ್ತಿ ತೆಗೆಯುತ್ತೆ. ಹೊಲಿಗೆ ಬಿಗಿ ಮಾಡೋದು ಬೇರೆ ಕೆಲಸ.

ಇದೇನು ಅಪರೂಪದ್ದಲ್ಲ. ನಾರ್ವೆ ದೇಶದಲ್ಲಿ ಮೊದಲ ಸಲ ಬಸುರಿಯಾದ 300 ಹೆಂಗಸರನ್ನ ನೋಡ್ಕೊಂಡು ಬಂದು 2016ರಲ್ಲಿ ಲೆಕ್ಕ ಹಾಕಿದ್ರು. ಹೆರಿಗೆಯಾದ 6 ವಾರಕ್ಕೆ ನೂರರಲ್ಲಿ 60 ಜನಕ್ಕೆ ಈ ಬಿರುಕಿತ್ತು, ಒಂದು ವರ್ಷ ಆದ್ಮೇಲೂ ಮೂವರಲ್ಲಿ ಒಬ್ಬರಿಗೆ ಹಾಗೇ ಉಳಿದಿತ್ತು. ಅಷ್ಟು ಸೌಕರ್ಯ ಇರೋ ದೇಶದ ಕಥೆನೇ ಹೀಗೆ. ಹೆರಿಗೆಯಾದ ಸ್ವಲ್ಪ ದಿನಕ್ಕೇ ತುಂಬಿದ ಬಕೆಟ್ ಎತ್ತೋ ನಮ್ಮ ಕಥೆ ನೀವೇ ಯೋಚನೆ ಮಾಡಿ.

"ನಿಮ್ಮತ್ತೆ ಹೊಟ್ಟೆ ಕಟ್ಟಲಿಲ್ವಾ?" ಅಂತ ನೀವು ಕೇಳೇ ಕೇಳ್ತೀರ. ಕಟ್ಟಿದ್ರು. ಹಳೇ ಹತ್ತಿ ಸೀರೆ ಉದ್ದಕ್ಕೆ ಮಡಚಿ, ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟ ಮೇಲೆ ಸುತ್ತಿ ಬಿಗೀತಾ ಇದ್ರು. ಆ ಆರೈಕೆ ನಾನು ಮರೆಯಲ್ಲ. ಬಿಸಿನೀರು, ಎಣ್ಣೆ, ಮೂರು ತಿಂಗಳ ವಿಶ್ರಾಂತಿ, ಬೆಳ್ಳುಳ್ಳಿ ಮೆಣಸಿನ ಸಾರು, ಯಾವ ಆಸ್ಪತ್ರೆನೂ ಕೊಡಲ್ಲ. ಬಟ್ಟೆ ಕಟ್ಟಿದ್ರೆ ಸಡಿಲ ಹೊಟ್ಟೆಗೆ ಆಸರೆ, ಎದ್ದು ಕೂರೋಕೆ ಹಿತ. ಆದ್ರೆ ಬಟ್ಟೆ ಹಿಡಿದಿಟ್ಟುಕೊಳ್ಳುತ್ತೆ ಅಷ್ಟೇ, ಸರಿದ ಸ್ನಾಯು ಕೂಡಿಸಲ್ಲ. ಉಸಿರು ಕಟ್ಟೋ ಹಾಗೆ ಬಿಗಿದ್ರೆ ಒತ್ತಡ ಕೆಳಕ್ಕೆ ಹೋಗುತ್ತೆ, ಆಗಲೇ ಸಡಿಲ ಆಗಿರೋ ಗರ್ಭಕೋಶದ ಕಡೆಗೆ. ಇನ್ನೊಂದು, ಬಾಣಂತಿಗೆ ನೀರು ಕಮ್ಮಿ ಕೊಡೋ ಪದ್ಧತಿ. ನೀರು ಕುಡಿದ್ರೆ ಹೊಟ್ಟೆ ಬರುತ್ತೆ ಅಂತಾರೆ. ಹಾಲೂಡಿಸೋ ತಾಯಿಗೆ ನೀರು ಜಾಸ್ತಿನೇ ಬೇಕು. ಕಮ್ಮಿಯಾದ್ರೆ ಮಲಬದ್ಧತೆ, ಮಲಬದ್ಧತೆ ಆದ್ರೆ ಮುಕ್ಕೋದು, ಮುಕ್ಕಿದ್ರೆ ಅದೇ ಹೊಲಿಗೆ ಮೇಲೆ ಮತ್ತೆ ಒತ್ತಡ. ಅರಿಶಿನದ ಆರೈಕೆ ಇಟ್ಕೊಳ್ಳಿ, ನೀರಿನ ಚೊಂಬು ಕಿತ್ಕೋಬೇಡಿ.

ಎಲ್ಲರ ಕಿಬ್ಬೊಟ್ಟೆನೂ ಇದೇ ಕಾರಣಕ್ಕಲ್ಲ. ನನ್ನ ಅನುಭವ, ಕೇಳಿ ತಿಳಿದಿದ್ದು ಎರಡೂ ಸೇರಿಸಿ ಹೇಳೋದಾದ್ರೆ, ಹೊರಗಡೆಯಿಂದ ಒಂದೇ ಥರ ಕಾಣೋ ಹೊಟ್ಟೆ ಒಳಗೆ ನಾಲ್ಕೈದು ಥರ ಇರುತ್ತೆ. ನಿಮ್ಮದು ಯಾವುದು ಅಂತ ತಿಳ್ಕೊಳ್ಳೋದೇ ಅರ್ಧ ಕೆಲಸ.

ಒಂದು, ಮುಟ್ಟು ನಿಲ್ಲೋ ವಯಸ್ಸಿನ ಹೊಟ್ಟೆ. ನಮ್ಮ ದೇಶದಲ್ಲಿ ಹೆಂಗಸರಿಗೆ ಹೆಚ್ಚೂಕಮ್ಮಿ 46-47ಕ್ಕೇ ಮುಟ್ಟು ನಿಲ್ಲುತ್ತೆ. ಈಸ್ಟ್ರೋಜನ್ ಅನ್ನೋ ಹಾರ್ಮೋನು ಇರೋವರೆಗೂ ಕೊಬ್ಬು ಸೊಂಟಕ್ಕೆ, ತೊಡೆಗೆ ಹೋಗಿ ಕೂರುತ್ತೆ. ಅದು ಇಳಿದ ಮೇಲೆ ಹೊಟ್ಟೆಗೆ ಬರುತ್ತೆ. ಅದೇ ಊಟ, ಅದೇ ಕೆಲಸ, ಆದ್ರೂ ಲಂಗ ಬಿಗಿಯಾಗುತ್ತೆ. ಇದರಲ್ಲಿ ಚರ್ಮದ ಕೆಳಗಿನ ಕೊಬ್ಬು ಕೈಗೆ ಸಿಗುತ್ತೆ, ನೋಡೋಕೆ ಚೆನ್ನಾಗಿರಲ್ಲ ಅಷ್ಟೇ. ಕರುಳು, ಲಿವರ್ ಸುತ್ತ ಕೂರೋ ಒಳಕೊಬ್ಬೇ ಸಕ್ಕರೆ ಕಾಯಿಲೆ, ಬಿಪಿಗೆ ದಾರಿ. ಅಳೆಯೋಕೆ ಮನೇಲೇ ಟೇಪ್ ಇದೆಯಲ್ಲ, ನಮ್ಮ ಬೀದೀಲಿ ಹೊಲಿಗೆ ಮಿಷನ್ ಇಲ್ಲದ ಮನೆ ಯಾವುದು? ಕೊನೇ ಪಕ್ಕೆಲುಬು, ಸೊಂಟದ ಮೂಳೆ ಎರಡರ ನಡುಮಧ್ಯ ಟೇಪ್ ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳ್ಕೊಳ್ಳದೆ ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಅಂದ್ರೆ ಮೂವತ್ತೊಂದೂವರೆ ಇಂಚು ದಾಟಿದ್ರೆ ಎಚ್ಚರ ಅಂತಾರೆ ಡಾಕ್ಟ್ರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸೊಂಟ ಅಳೆದಾಗ ಹೆಂಗಸರಲ್ಲಿ ನೂರಕ್ಕೆ 40 ಜನಕ್ಕೆ ಹೊಟ್ಟೆ ಬೊಜ್ಜಿತ್ತು, ಗಂಡಸರಲ್ಲಿ 12 ಜನಕ್ಕೆ. ಹಾಗಾಗಿ ಮನೆಯವರು ನಿಮ್ಮ ಹೊಟ್ಟೆ ನೋಡಿ ನಕ್ಕಾಗ ಈ ಲೆಕ್ಕ ಹೇಳಿ, ಹೆತ್ತಿದ್ದು ಯಾರು ಅಂತಾನೂ ಕೇಳಿ.

ಎರಡು, ಗಾಳಿ ಹೊಟ್ಟೆ. ಬೆಳಿಗ್ಗೆ ಎದ್ದಾಗ ಚಪ್ಪಟೆ, ಸಾಯಂಕಾಲಕ್ಕೆ ತಮಟೆ ಥರ. ಬೆಳಿಗ್ಗೆ ಇಲ್ಲದ ಕೊಬ್ಬು ಸಾಯಂಕಾಲಕ್ಕೆ ಎಲ್ಲಿಂದ ಬರುತ್ತೆ? ಅದು ಗ್ಯಾಸು, ಇಲ್ಲಾ ಸರಿಯಾಗಿ ಹೊರಗೆ ಹೋಗದೇ ಇರೋದು. ಅವರೆಕಾಯಿ ಕಾಲದಲ್ಲಿ ನಮ್ಮ ಮನೇಲಿ ಎಲ್ಲರಿಗೂ ಇದೇ ಹೊಟ್ಟೆ. ಕೆಲವರಿಗೆ ಹಾಲು ಆಗಲ್ಲ. ಯಾವುದು ತಿಂದಾಗ ಆಗುತ್ತೆ ಅಂತ ಒಂದು ಹದಿನೈದು ದಿನ ಕ್ಯಾಲೆಂಡರ್ ಮೇಲೆ ಗುರುತು ಹಾಕಿ ನೋಡಿ.

ಮೂರು, ನಿಲ್ಲೋ ರೀತಿ. ಮಗು ಸೊಂಟದ ಮೇಲೆ ಇಟ್ಕೊಂಡು ಇಟ್ಕೊಂಡು ನಮಗೆ ಸೊಂಟ ಮುಂದಕ್ಕೆ ತಳ್ಳಿ, ಬೆನ್ನು ಬಗ್ಗಿಸಿ ನಿಲ್ಲೋ ಅಭ್ಯಾಸ. ಗಾರ್ಮೆಂಟ್ಸಿಗೆ ಹೋಗೋ ನಮ್ಮ ಹೆಣ್ಣುಮಕ್ಕಳು ದಿನಕ್ಕೆ ಎಂಟು ಒಂಬತ್ತು ಗಂಟೆ ಮಿಷನ್ ಮೇಲೆ ಬಗ್ಗಿ ಕೂರ್ತಾರೆ. ಹೊಟ್ಟೆ ಸ್ನಾಯು ಕೆಲಸ ಮಾಡೋದನ್ನೇ ಮರೆತುಬಿಡುತ್ತೆ. ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು, ಸೊಂಟ ಸ್ವಲ್ಪ ಹಿಂದಕ್ಕೆ ತಂದು ಕತ್ತು ನೇರ ಮಾಡಿ ನೋಡಿ. ಸ್ವಲ್ಪ ಹೊಟ್ಟೆ ಅಲ್ಲೇ ಮಾಯ.

ನಾಲ್ಕು, ಸಿಸೇರಿಯನ್ ಗಾಯದ ಮೇಲೆ ಜೋತುಬೀಳೋ ಮಡಿಕೆ. ಗಾಯದ ಗುರುತು ಒಳಗಿನ ಪದರಕ್ಕೆ ಅಂಟಿಕೊಂಡಿರುತ್ತೆ, ಮೇಲಿನ ಚರ್ಮ, ಕೊಬ್ಬು ಅದರ ಮೇಲೆ ಸೂರಿನ ಹಾಗೆ ಬಾಗುತ್ತೆ. ತೂಕ ಇಳಿದ್ರೆ ಸಣ್ಣಗಾಗುತ್ತೆ, ಆದ್ರೆ ಪೂರ್ತಿ ಹೋಗೋದು ಕಷ್ಟ. ಹಿಗ್ಗಿದ ಚರ್ಮ ವ್ಯಾಯಾಮದಿಂದ ಕುಗ್ಗಲ್ಲ. ನನಗೂ ಇದಿದೆ.

ಐದನೇದು ಹೇಳೋಕೇ ಈ ಬರಹ ಶುರುಮಾಡಿದ್ದು. ಹೊಟ್ಟೆ ಅಂತ ನಾವು ತಿಳ್ಕೊಂಡಿರೋದು ಹೊಟ್ಟೆನೇ ಅಲ್ಲದೇ ಇರೋದು.

ನಮ್ಮ ಸೋದರತ್ತೆ ಮಗಳು ಕುಣಿಗಲ್ ಕಡೆ ಇದ್ಲು. ನನಗಿಂತ ಎರಡು ವರ್ಷ ದೊಡ್ಡೋಳು. ಹೊಟ್ಟೆ ಬರ್ತಾ ಇದೆ ಅಂತ ರಾತ್ರಿ ಊಟ ಬಿಟ್ಟಿದ್ಲು. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುತ್ತೆ, ಊಟ ಬಿಡೋದು ಏನೂ ಕಷ್ಟ ಆಗಲಿಲ್ಲ ಅಂತಿದ್ಲು. ಒಂದು ಗೃಹಪ್ರವೇಶದಲ್ಲಿ ಸಿಕ್ಕಾಗ ಎಲ್ಲರೂ "ಎಷ್ಟು ಸಣ್ಣ ಆಗಿದೀಯೇ, ಏನು ಮಾಡ್ದೆ ನಮಗೂ ಹೇಳು" ಅಂದ್ರು. ಮುಖ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಬೆಳೀತಾ ಇತ್ತು. ಮತ್ತೆ ಮತ್ತೆ ಮೂತ್ರಕ್ಕೆ ಹೋಗ್ತಿದ್ಲು. ವಯಸ್ಸಾಯ್ತಲ್ಲ, ಎಲ್ಲರಿಗೂ ಹಾಗೇ ಅಂದ್ರು ಮನೇಲಿ. ಕೊನೆಗೆ ಉಸಿರಾಡೋಕೆ ಕಷ್ಟವಾದಾಗ ಸ್ಕ್ಯಾನ್ ಮಾಡಿಸಿದ್ರು. ಹೊಟ್ಟೆ ತುಂಬಾ ನೀರು. ಅಂಡಾಶಯದ ಕ್ಯಾನ್ಸರ್, ಆಗಲೇ ಹರಡಿತ್ತು. ಒಂದು ವರ್ಷ ಎರಡು ತಿಂಗಳು ಇದ್ಲು. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು, "ನಾನು ದಪ್ಪ ಆಗ್ತಿದೀನಿ ಅಂತ ನಾಚಿಕೆಪಟ್ಕೊಂಡೆ ಕಣೆ" ಅಂದ್ಲು. ನನಗೆ ಆ ಮಾತು ಇವತ್ತಿಗೂ ಎದೇಲಿ ಕೂತಿದೆ.

ಆಮೇಲೆ ಒಂದೆರಡು ವರ್ಷಕ್ಕೆ ನಮ್ಮ ಕೆಳಗಿನ ಮನೆಯಲ್ಲಿದ್ದ ಅಕ್ಕ, ಗಾರ್ಮೆಂಟ್ಸಿಗೆ ಹೋಗ್ತಿದ್ರು, ನೀರು ಹಿಡಿಯೋವಾಗ "ಹೊಟ್ಟೆ ಗಟ್ಟಿಯಾಗೈತೆ ಕಣಕ್ಕಾ, ಕಲ್ಲಿನಂಗೆ. ಮುಟ್ಟಾದ್ರೆ ಹತ್ತು ದಿವಸ ನಿಲ್ಲಾಕಿಲ್ಲ" ಅಂದ್ರು. ಪಕ್ಕದಲ್ಲಿದ್ದವರು ಜೀರಿಗೆ ನೀರು ಕುಡಿ ಅಂದ್ರು. ನಾನು ಅವತ್ತೇ ಅವರ ಇಎಸ್‌ಐ ಕಾರ್ಡ್ ತೆಗೆಸಿ, ರಜಾ ಹಾಕಿಸಿ, ಜೊತೆಗೇ ಹೋದೆ. ಸ್ಕ್ಯಾನಲ್ಲಿ ಗರ್ಭಕೋಶದಲ್ಲಿ ತೆಂಗಿನಕಾಯಿ ಗಾತ್ರದ ಫೈಬ್ರಾಯ್ಡ್ ಗಡ್ಡೆ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಮೊದಲು ರಕ್ತ ಸರಿಮಾಡಿ ಆಮೇಲೆ ಆಪರೇಷನ್ ಮಾಡಿದ್ರು. ಕ್ಯಾನ್ಸರ್ ಅಲ್ಲ ಅಂತ ರಿಪೋರ್ಟ್ ಬಂದಾಗ ಇಬ್ರೂ ಆಸ್ಪತ್ರೆ ಬೆಂಚಿನ ಮೇಲೆ ಕೂತು ಅತ್ಕೊಂಡ್ವಿ. ಈಗ ಲಗ್ಗೆರೇಲಿ ಮನೆ ಮಾಡಿದಾರೆ, ಮೊನ್ನೆ ಸಂಕ್ರಾಂತಿಗೆ ಎಳ್ಳು ಬೀರೋಕೆ ಬಂದಿದ್ರು.

ಅದಕ್ಕೇ ಹೇಳ್ತೀನಿ, ಇವು ಬರೆದಿಟ್ಟುಕೊಳ್ಳಿ. ಎರಡು ಮೂರು ವಾರ ಆದ್ರೂ ಇಳೀದ ಹೊಟ್ಟೆ ಉಬ್ಬರ. ಸ್ವಲ್ಪ ತಿಂದ್ರೂ ಹೊಟ್ಟೆ ತುಂಬೋದು. ಕಿಬ್ಬೊಟ್ಟೆ ನೋವು. ಪದೇ ಪದೇ ಮೂತ್ರಕ್ಕೆ ಅವಸರ. ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಬೆಳೆಯೋದು. ಕೈಗೆ ಗಟ್ಟಿ ಗಡ್ಡೆ ಸಿಗೋದು. ಮುಟ್ಟು ನಿಂತು ವರ್ಷ ಆದ್ಮೇಲೆ ಒಂದು ತೊಟ್ಟು ರಕ್ತ ಕಂಡ್ರೂ. ಇದರಲ್ಲಿ ಯಾವುದಿದ್ರೂ ವ್ಯಾಯಾಮ, ಜೀರಿಗೆ ನೀರು ಪಕ್ಕಕ್ಕಿಟ್ಟು ಹೆಂಗಸರ ಡಾಕ್ಟ್ರ ಹತ್ರ ಹೋಗಿ ಸ್ಕ್ಯಾನ್ ಮಾಡಿಸಿ. ಹೊಕ್ಕಳ ಹತ್ರ, ಹಳೇ ಆಪರೇಷನ್ ಜಾಗದ ಹತ್ರ ಕೆಮ್ಮಿದ್ರೆ ಉಬ್ಬಿ, ಮಲಗಿದ್ರೆ ಒಳಗೆ ಹೋಗೋ ಗಂಟಿದ್ರೆ ಅದು ಹರ್ನಿಯಾ ಇರಬಹುದು. ಆ ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಬಂದ್ರೆ ಬೆಳಗಾಗೋವರೆಗೂ ಕಾಯಬೇಡಿ, ಆಗಲೇ ಹೊರಡಿ. ದುಡ್ಡಿನ ಯೋಚನೆ ಇರೋರಿಗೆ ರಾಜಾಜಿನಗರದ ಇಎಸ್‌ಐ, ಮಲ್ಲೇಶ್ವರದ ಕೆ.ಸಿ. ಜನರಲ್, ಮಾರ್ಕೆಟ್ ಹತ್ರದ ವಾಣಿವಿಲಾಸ ಇವೆ. ಬಿಪಿ, ಸಕ್ಕರೆ ನೋಡಿಸೋಕೆ ನಮ್ಮ ಕ್ಲಿನಿಕ್ ಸಾಕು, ಅಲ್ಲಿ ದುಡ್ಡು ತಗೊಳ್ಳಲ್ಲ.

ಗಡ್ಡೆ, ಹರ್ನಿಯಾ ಏನೂ ಇಲ್ಲ ಅಂತ ಗೊತ್ತಾದ್ಮೇಲೆ ನಾನು ಏನು ಮಾಡ್ತಿದೀನಿ ಅಂತ ಹೇಳ್ತೀನಿ. ನಡಿಗೆ ಬಿಟ್ಟಿಲ್ಲ, ಅದು ಹೃದಯಕ್ಕೆ, ಸಕ್ಕರೆಗೆ. ಹೊಟ್ಟೆಗೆ ಬೇರೆ ಹದಿನೈದು ನಿಮಿಷ. ಅಂಗಾತ ಮಲಗಿ ಮಂಡಿ ಮಡಚಿ, ಉಸಿರು ಬಿಡ್ತಾ ಹೊಕ್ಕಳನ್ನ ನಿಧಾನ ಬೆನ್ನ ಕಡೆ ಎಳ್ಕೊಂಡು ಐದು ಎಣಿಸೋದು, ಹತ್ತು ಸಲ. ಜೊತೆಗೇ ಮೂತ್ರ ತಡೆಯೋ ಹಾಗೆ ಕೆಳಗಿನ ಸ್ನಾಯು ಬಿಗಿ ಹಿಡಿಯೋದು. ಕೆಮ್ಮಿದ್ರೆ, ಸೀನಿದ್ರೆ ಬಟ್ಟೆ ಒದ್ದೆ ಆಗೋರಿಗೆ ಇದು ಬಲು ಉಪಯೋಗ. ಆಮೇಲೆ ಅದೇ ಬಿಗಿಯಲ್ಲಿ ಒಂದೊಂದೇ ಹಿಮ್ಮಡಿ ಜಾರಿಸಿ ಕಾಲು ನೀಡೋದು, ವಾಪಸ್ ತರೋದು. ಕೊನೆಗೆ ಸೇತುಬಂಧಾಸನ, ಸೊಂಟ ಎತ್ತಿ ಇಳಿಸೋದು. ಮಲಗಿದಲ್ಲಿಂದ ದಿಢೀರಂತ ಎದ್ದು ಕೂರೋ ಕಸರತ್ತು ಬಿರುಕು ಇರೋರಿಗೆ ಬೇಡ ಅಂದ್ಲು ಫಿಸಿಯೋ. ಎದ್ದಾಗ ಹೊಟ್ಟೆ ನಡುವೆ ಗೋಪುರದ ಹಾಗೆ ಏಣು ಎದ್ರೆ ಅದು ನಿಮಗೆ ಸದ್ಯಕ್ಕೆ ಆಗಲ್ಲ ಅಂತ ಅರ್ಥ. ಹೊಟ್ಟೆ ಕಸರತ್ತು ಮಾಡಿದ್ರೆ ಹೊಟ್ಟೆ ಕೊಬ್ಬೇ ಕರಗುತ್ತೆ ಅನ್ನೋದೂ ನಿಜ ಅಲ್ಲ. ಕೊಬ್ಬು ಮೈಯೆಲ್ಲದರಿಂದ ಅದರ ಇಷ್ಟದಂತೆ ಹೋಗುತ್ತೆ. ಹಾಸಿಗೆಯಿಂದ ಏಳೋವಾಗ ಪಕ್ಕಕ್ಕೆ ಹೊರಳಿ ಕೈ ಊರಿ ಏಳ್ತೀನಿ. ಬಕೆಟ್, ಸಿಲಿಂಡರ್ ಎತ್ತೋ ಮುಂಚೆ ಉಸಿರು ಬಿಟ್ಟು ಹೊಟ್ಟೆ ಬಿಗಿ ಹಿಡೀತೀನಿ.

ಊಟದಲ್ಲಿ ಉಪವಾಸ ಇಲ್ಲ. ಐಸಿಎಂಆರ್‌ನವರು 2024ರಲ್ಲಿ ಕೊಟ್ಟ ಆಹಾರದ ಸೂಚನೆಯಲ್ಲಿ, ದಿನದ ಶಕ್ತಿಯಲ್ಲಿ ಅಕ್ಕಿ, ರಾಗಿ, ಗೋಧಿ ಥರದ್ದು ನೂರಕ್ಕೆ 45 ಭಾಗ ದಾಟಬಾರದು ಅಂದಿದಾರೆ. ನಮ್ಮ ತಟ್ಟೆ ನೋಡಿ, ಮುದ್ದೆ ಆದ್ಮೇಲೆ ಅನ್ನ, ಅನ್ನ ಆದ್ಮೇಲೆ ಮಜ್ಜಿಗೆ ಅನ್ನ. ಈಗ ನಾನು ಮುದ್ದೆ ಉಂಡ ಹೊತ್ತು ಅನ್ನ ಉಣ್ಣಲ್ಲ. ಉಪ್ಸಾರಿನ ಸೊಪ್ಪು, ಕಾಳು ಪಲ್ಯ ತಟ್ಟೆಗೆ ಜಾಸ್ತಿ. ವಾರಕ್ಕೆ ಮೂರ್ನಾಲ್ಕು ಮೊಟ್ಟೆ. ಕಾಫಿಗೆ ಸಕ್ಕರೆ ಅರ್ಧ ಚಮಚ. ಸಾಯಂಕಾಲದ ಬೇಕರಿ ಖಾರಾ ಬದಲು ಹುರಿಗಡಲೆ. ಲಂಗದ ಲಾಡಿ ಬದಲು ಅಗಲವಾದ ಪಟ್ಟಿ ಹೊಲಿಸಿಕೊಂಡೆ, ಮೈಗೆ ಕುಯ್ಯಲ್ಲ, ಮೇಲೊಂದು ಕೆಳಗೊಂದು ಅಂತ ಹೊಟ್ಟೆ ಎರಡು ಭಾಗ ಆಗಿ ಕಾಣಲ್ಲ.

ಎಂಟು ತಿಂಗಳಾಯ್ತು. ಎರಡೂವರೆ ಬೆರಳಿದ್ದ ಬಿರುಕು ಒಂದೂವರೆಗೆ ಬಂದಿದೆ. ಸೊಂಟ ಎರಡು ಇಂಚು ಇಳಿದಿದೆ. ಬೆನ್ನುನೋವು ಮುಕ್ಕಾಲು ಪಾಲು ಇಲ್ಲ. ಗಾಯದ ಮೇಲಿನ ಮಡಿಕೆ ಹಾಗೇ ಇದೆ, ಇರಲಿ. ನನ್ನ ಮಗ ಬಂದ ದಾರಿ ಅದು.

ಅಣ್ಣನ ಮಗಳಿಗೆ ಹೇಳಿದ್ದೂ ಇಷ್ಟೇ. ಹೆರಿಗೆಯಾಗಿ ಎರಡು ತಿಂಗಳಿಗೇ ಅವಳ ಅತ್ತೆ ಕಡೆಯವರು "ಇನ್ನೊಂದು ಒಳಗೇ ಬಿಟ್ಟು ಬಂದಿದೀಯಾ?" ಅಂದ್ರಂತೆ. ಅವಳು ಊಟ ಕಮ್ಮಿ ಮಾಡಿ ಹಾಲೂ ಕಮ್ಮಿಯಾಗಿದೆ. ಒಂಬತ್ತು ತಿಂಗಳು ಹಿಗ್ಗಿದ್ದು ಒಂಬತ್ತು ವಾರಕ್ಕೆ ಕುಗ್ಗಲ್ಲ ಮಗಳೇ, ಹೊಟ್ಟೆತುಂಬ ಉಣ್ಣು, ನೀರು ಕುಡಿ, ಡಾಕ್ಟ್ರು ಹೂಂ ಅಂದ್ಮೇಲೆ ಉಸಿರಿನ ವ್ಯಾಯಾಮದಿಂದ ಶುರುಮಾಡು ಅಂದೆ. ನೀವು ಯಾರಾದ್ರೂ ಬಾಣಂತಿ ನೋಡೋಕೆ ಹೋದ್ರೆ ಮಗು ನೋಡಿ, ಅವಳ ಮುಖ ನೋಡಿ, ನಿದ್ದೆ ಮಾಡಿದ್ಯಾ ಕೇಳಿ. ಹೊಟ್ಟೆ ಸುದ್ದಿ ಎತ್ತಬೇಡಿ.

ಭಾನುವಾರ ಸಾಯಂಕಾಲ ನಾಲ್ಕಕ್ಕೆ ನಮ್ಮ ಮಹಡಿ ಮೇಲೆ ಬನ್ನಿ. ಚಾಪೆ ನನ್ನ ಹತ್ರ ಎರಡಿದೆ, ಉಳಿದೋರು ತನ್ನಿ. ಟೇಪ್ ನಾನು ಇಟ್ಟಿರ್ತೀನಿ. ಯಾರ ಅಳತೆ ಎಷ್ಟು ಅಂತ ಇನ್ನೊಬ್ಬರಿಗೆ ಹೇಳಲ್ಲ, ಅದು ನನ್ನ ಮಾತು.